ಉಪಕಾರದ ವೇಷ ಹಾಕಿದ ಹಗೆ

ನಮ್ಮ ವಾಚನಾಲಯದ ಕಳೆದ ಪುಸ್ತಕ ಚರ್ಚೆಗೆ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯನ್ನು ಇಟ್ಟುಕೊಂಡಿದ್ದರು. ವಿಷಯ ಮಂಡಿಸಿದ ಅಧ್ಯಾಪಕ ಮಿತ್ರರು ಚೆನ್ನಾಗಿಯೇ ಮಾತಾಡಿದರು. ಆದರೆ ಕೊನೆಗೆ ಒಂದು ತೀರ್ಪು ಕೊಟ್ಟು ಕೂತರು. ಆ ಕಾದಂಬರಿಯಲ್ಲಿ ತಲೆ ನೆಟ್ಟಗಿದ್ದವನು ಒಬ್ಬನೇ, ಅವನು ಸಾನ್ಸನ್ ಕರಾಸ್ಕೊ. ಹುಚ್ಚನನ್ನು ಮನೆಗೆ ಮುಟ್ಟಿಸಿದ ಪುಣ್ಯಾತ್ಮ. ಊರಿಗೊಬ್ಬ ಅಂಥ ಓದಿದ ಯುವಕ ಇದ್ದರೆ ಊರು ಉದ್ಧಾರವಾಗುತ್ತದೆ. ಅಧ್ಯಾಪಕರಾದ ನಾವೆಲ್ಲ ಅವನಿಂದ ಕಲಿಯಬೇಕು ಎಂದರು. ಚಪ್ಪಾಳೆಯೂ ಬಿತ್ತು. ನಾನು ಎದ್ದು ನಿಲ್ಲುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಯಿತೆಂದು ಅರ್ಧ ಸಭೆ ಎದ್ದು ಹೋಯಿತು. ಅಂದು ಬಾಕಿಯಾದ ಮಾತನ್ನು ಈಗ ಬರೆದು ಕೊಡುತ್ತಿದ್ದೇನೆ.

ನನ್ನ ವಾದ ಇಷ್ಟೇ. ಸಾನ್ಸನ್ ಕರಾಸ್ಕೊ ಪುಣ್ಯಾತ್ಮನಲ್ಲ, ಆ ಕಾದಂಬರಿಯ ಖಳ. ನಗೆ ಬರಿಸುವ ಖಳ ಹೌದು, ಆದರೂ ಖಳನೇ. ಹೊರಟದ್ದು ಉಪಕಾರಕ್ಕೆ, ಮುಗಿಸಿದ್ದು ಹಗೆ ತೀರಿಸಿಕೊಂಡು. ನಡುವೆ ಒಂದು ಕಡೆ ಅವನ ಮರ್ಯಾದೆ ಹೋಯಿತು, ಅಲ್ಲಿಂದ ಮುಂದೆ ಲೆಕ್ಕ ಬೇರೆಯಾಯಿತು. ಅದನ್ನು ಗುರುತಿಸದೆ ಅವನನ್ನು ಹೊಗಳಿದರೆ ನಮಗೆ, ಮುಖ್ಯವಾಗಿ ಮಾಷ್ಟ್ರುಗಳಿಗೆ, ದೊಡ್ಡ ಅಪಾಯ ಉಂಟು. ಯಾಕೆಂದು ಕಡೆಗೆ ಹೇಳುತ್ತೇನೆ.

ಓದದವರಿಗಾಗಿ ಮೊದಲು ಕಥೆ. ಬರೆದವರು ಸ್ಪೇನ್ ದೇಶದ ಮಿಗೆಲ್ ಡಿ ಸರ್ವಾಂಟಿಸ್. ಮೊದಲ ಭಾಗ ಅಚ್ಚಾದದ್ದು 1605ರಲ್ಲಿ, ಎರಡನೆಯ ಭಾಗ 1615ರಲ್ಲಿ. ಆ ಕಾಲದ ಸ್ಪೇನಿನಲ್ಲಿ ವೀರರ ಅದ್ಭುತ ಕಥೆಗಳೆಂದರೆ ಜನ ಮುಗಿಬೀಳುತ್ತಿದ್ದರು. ರಾಕ್ಷಸರು, ಮಾಂತ್ರಿಕರು, ಮಾಯೆಯ ಕೋಟೆಗಳು, ಸೆರೆಯಾದ ರಾಜಕುಮಾರಿಯರು, ಒಂಟಿಯಾಗಿ ಹೋಗಿ ಒಂದು ಸೈನ್ಯವನ್ನೇ ಸೋಲಿಸುವ ಕುದುರೆ ವೀರರು. ಇವೆಲ್ಲ ತುಂಬಿದ ದಪ್ಪ ದಪ್ಪ ಪುಸ್ತಕಗಳು. ಸರ್ವಾಂಟಿಸ್ ಬರೆದದ್ದು ಆ ಪುಸ್ತಕಗಳ ಅಣಕ.

ಲಾ ಮಾಂಚಾ ಎಂಬ ಒಣ ಸೀಮೆಯ ಒಂದು ಹಳ್ಳಿ. ಅಲ್ಲಿ ಐವತ್ತರ ಆಸುಪಾಸಿನ ಒಬ್ಬ ಸಣ್ಣ ಜಮೀನಿನ ಯಜಮಾನ. ಹೊಲ ಮಾರಿ ಪುಸ್ತಕ ಕೊಂಡ, ಹಗಲೂ ರಾತ್ರಿಯೂ ಓದಿದ, ಕಡೆಗೆ ತಾನೇ ವೀರನೆಂದು ನಂಬಿ ಹೊರಟ. ಹೆಸರು ಡಾನ್ ಕ್ವಿಕ್ಸಾಟ್ ಎಂದು ಇಟ್ಟುಕೊಂಡ. ಏರಿದ್ದು ರೋಸಿನಾಂಟೆ ಎಂಬ ಬಡಕಲು ಕುದುರೆ. ಜತೆಗೆ ಕತ್ತೆಯ ಮೇಲೆ ಪಕ್ಕದ ಮನೆಯ ರೈತ ಸಾಂಚೊ ಪಾಂಜಾ. ಮನಸ್ಸಿನಲ್ಲಿ ಡಲ್ಸಿನಿಯಾ ಎಂಬ ಸುಂದರಿ. ಅವಳನ್ನು ಅವನು ಸರಿಯಾಗಿ ನೋಡಿದ್ದೂ ಇಲ್ಲ. ಗಾಳಿಯಂತ್ರಗಳನ್ನು ರಾಕ್ಷಸರೆಂದು ಭರ್ಜಿ ಹಿಡಿದು ನುಗ್ಗಿದ ಪ್ರಸಂಗ ಪುಸ್ತಕ ಓದದವರಿಗೂ ಗೊತ್ತುಂಟು.

ಊರಿನವರಿಗೆ ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಪಾದ್ರಿ ಮತ್ತು ಕ್ಷೌರಿಕ, ಇಬ್ಬರೂ ಅವನ ಗೆಳೆಯರೇ, ಸೇರಿ ಚಿಕಿತ್ಸೆ ಶುರುಮಾಡಿದರು. ಮೊದಲು ಅವನ ಪುಸ್ತಕದ ಕೋಣೆಗೆ ಹೋಗಿ ನೂರಕ್ಕೂ ಮಿಕ್ಕ ದಪ್ಪ ಪುಸ್ತಕಗಳನ್ನು ಒಂದೊಂದಾಗಿ ವಿಚಾರಣೆ ಮಾಡಿದರು. ತಮಗೆ ಇಷ್ಟವಾದ ಕೆಲವನ್ನು ಉಳಿಸಿಕೊಂಡರು, ಉಳಿದವು ಅಂಗಳದಲ್ಲಿ ಬೂದಿಯಾದವು. ಕೋಣೆಯ ಬಾಗಿಲಿಗೇ ಗೋಡೆ ಕಟ್ಟಿಸಿದರು. ಅವನು ಎದ್ದು ಬಂದು ಕೋಣೆ ಎಲ್ಲಿ ಎಂದು ತಡಕಾಡಿದಾಗ, ಮಾಂತ್ರಿಕನೊಬ್ಬ ಬಂದು ಹೊತ್ತುಕೊಂಡು ಹೋದ ಎಂದು ಮನೆಯವರಿಂದ ಹೇಳಿಸಿದರು. ಹುಚ್ಚು ಬಿಡಿಸಲು ಹೇಳಿದ ಸುಳ್ಳು ಎಂಥದು ನೋಡಿ. ಮಾಂತ್ರಿಕರು ಇದ್ದಾರೆ ಎಂದು ಅವನಿಗೆ ಗಟ್ಟಿ ಮಾಡಿಕೊಟ್ಟವರು ಚಿಕಿತ್ಸೆ ಮಾಡಲು ಬಂದವರೇ.

ಎರಡನೆಯ ಭಾಗದ ಆರಂಭದಲ್ಲಿ ಸಾನ್ಸನ್ ಕರಾಸ್ಕೊ ಬರುತ್ತಾನೆ. ಅದೇ ಊರಿನ ಹುಡುಗ, ವಯಸ್ಸು 24. ಸಲಾಮಾಂಕಾ ವಿಶ್ವವಿದ್ಯಾಲಯದಿಂದ ಪದವಿ ತೆಗೆದುಕೊಂಡು ಆಗಷ್ಟೇ ಬಂದಿದ್ದಾನೆ. ಸಾನ್ಸನ್ ಎಂದರೆ ಬೈಬಲಿನ ಮಹಾ ಬಲಶಾಲಿಯ ಹೆಸರು. ಇವನ ಮೈಕಟ್ಟು ಮಾತ್ರ ಅಷ್ಟಕ್ಕಷ್ಟೆ. ದುಂಡು ಮುಖ, ಚಪ್ಪಟೆ ಮೂಗು, ಅಗಲ ಬಾಯಿ. ಕುಚೋದ್ಯದಲ್ಲಿ ಎತ್ತಿದ ಕೈ ಎಂಬುದು ಮುಖದಲ್ಲೇ ಬರೆದ ಹಾಗಿತ್ತು ಎಂದು ಸರ್ವಾಂಟಿಸ್ ಸೂಚಿಸುತ್ತಾರೆ. ಬಂದವನೇ ಡಾನ್ ಕ್ವಿಕ್ಸಾಟನ ಮುಂದೆ ಮಂಡಿಯೂರಿ, ನಿಮ್ಮ ಸಾಹಸದ ಕಥೆ ಪುಸ್ತಕವಾಗಿ ಬಂದಿದೆ, 12,000ಕ್ಕೂ ಹೆಚ್ಚು ಪ್ರತಿ ಅಚ್ಚಾಗಿದೆ ಎಂದು ಹೇಳಿ ಉಬ್ಬಿಸುತ್ತಾನೆ. ಮನೆ ನೋಡಿಕೊಳ್ಳುವ ಹೆಂಗಸು ಇವನ ಕಾಲಿಗೆ ಬಿದ್ದು, ಯಜಮಾನರು ಮತ್ತೆ ಹೊರಡುವ ಅಂದಾಜಿನಲ್ಲಿದ್ದಾರೆ, ಹೇಗಾದರೂ ತಡೆಯಿರಿ ಎಂದು ಅತ್ತುಕೊಂಡಳು. ಇವನು ಅವಳನ್ನು ಸಮಾಧಾನಪಡಿಸಿ ಕಳಿಸಿ, ಸೀದಾ ಹೋಗಿ ಯಜಮಾನರನ್ನು ಹೊರಡಿ ಹೊರಡಿ ಎಂದು ಹುರಿದುಂಬಿಸಿದ.

ಇದರ ಹಿಂದೆ ಒಂದು ಉಪಾಯ ಉಂಟು. ತಡೆದರೆ ನಿಲ್ಲುವವನಲ್ಲ, ಹೋಗಲಿ. ಹಿಂದಿನಿಂದ ಸಾನ್ಸನ್ ತಾನೂ ಕುದುರೆ ವೀರನ ವೇಷ ಹಾಕಿ ಹೋಗುವುದು, ಕಾಳಗಕ್ಕೆ ಕರೆಯುವುದು, ಸೋತವನು ಗೆದ್ದವನ ಮಾತು ಕೇಳಬೇಕೆಂದು ಪಂಥ ಕಟ್ಟುವುದು. ಗೆದ್ದ ಮೇಲೆ, ಮನೆಗೆ ಹೋಗು, ಎರಡು ವರ್ಷ ಹೊರಗೆ ಕಾಲಿಡಬೇಡ ಎಂದು ಅಪ್ಪಣೆ ಮಾಡುವುದು. ವೀರಧರ್ಮಕ್ಕೆ ಕಟ್ಟುಬಿದ್ದ ಡಾನ್ ಕ್ವಿಕ್ಸಾಟ್ ಮಾತು ಮೀರುವವನಲ್ಲ. ಪಾದ್ರಿಯೂ ಕ್ಷೌರಿಕನೂ ಒಪ್ಪಿದರು. ಇಲ್ಲಿಯ ತನಕ ನಾನೂ ಒಪ್ಪುತ್ತೇನೆ, ಮಾಷ್ಟ್ರೇ. ಸ್ವಲ್ಪ ಕುಚೋದ್ಯ ಸೇರಿದ್ದರೂ ಉದ್ದೇಶ ಉಪಕಾರದ್ದೇ.

ಆದರೆ ಆದದ್ದೇನು? ಸಾನ್ಸನ್ ಮೈತುಂಬ ಸಣ್ಣ ಸಣ್ಣ ಕನ್ನಡಿ ಹೊಲಿಸಿದ ಅಂಗಿ ತೊಟ್ಟು ‘ಕನ್ನಡಿಯ ವೀರ’ನಾಗಿ ಕಾಡಿನಲ್ಲಿ ಎದುರಾದ. ಅವನ ಜತೆಗೆ ಸಾಂಚೊನ ನೆರೆಯವನೇ ಆದ ಟೋಮೆ ಸೆಸಿಯಲ್. ಗುರುತು ಸಿಗದಿರಲೆಂದು ಒಂದು ಭಯಂಕರ ದೊಡ್ಡ ಸುಳ್ಳು ಮೂಗು ಅಂಟಿಸಿಕೊಂಡಿದ್ದ. ನಮ್ಮ ಆಟದ ಚೌಕಿಯಲ್ಲಿ ಕೂತು ಎದ್ದವರಿಗೆ ಆ ವೇಷಗಳನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಬೆಳಗಾಯಿತು, ಕಾಳಗಕ್ಕೆ ಇಬ್ಬರೂ ದೂರ ಸರಿದರು. ಆ ಮೂಗು ನೋಡಿ ಹೆದರಿದ ಸಾಂಚೊ ಮರ ಹತ್ತಬೇಕೆಂದ. ಡಾನ್ ಕ್ವಿಕ್ಸಾಟ್ ನಿಂತು ಅವನನ್ನು ಮರ ಹತ್ತಿಸುತ್ತಿದ್ದ. ಎದುರಾಳಿ ಬರುತ್ತಿಲ್ಲವೆಂದು ಸಾನ್ಸನ್ ಅರ್ಧ ದಾರಿಯಲ್ಲಿ ಕುದುರೆ ನಿಲ್ಲಿಸಿದ. ಅಷ್ಟರಲ್ಲಿ ಡಾನ್ ಕ್ವಿಕ್ಸಾಟ್ ತಿರುಗಿದ. ರೋಸಿನಾಂಟೆ ಜನ್ಮದಲ್ಲಿ ಒಮ್ಮೆ ನಿಜವಾಗಿ ಓಡಿದ್ದಿದ್ದರೆ ಅಂದೇ. ಸಾನ್ಸನನ ಕುದುರೆ ಎಷ್ಟು ತಿವಿದರೂ ಜಪ್ಪಯ್ಯ ಅನ್ನಲಿಲ್ಲ, ಭರ್ಜಿಯೂ ಕೈಗೆ ಕೂರಲಿಲ್ಲ. ಒಂದೇ ಹೊಡೆತಕ್ಕೆ ಪದವೀಧರ ನೆಲಕ್ಕೆ ಬಿದ್ದು ಪ್ರಜ್ಞೆ ತಪ್ಪಿದ.

ಶಿರಸ್ತ್ರಾಣ ಬಿಚ್ಚಿದರೆ ಒಳಗೆ ಸಾನ್ಸನನ ಮುಖ! ಡಾನ್ ಕ್ವಿಕ್ಸಾಟನಿಗೆ ಗುರುತು ಸಿಕ್ಕಿತು, ಆದರೆ ಮಾಂತ್ರಿಕರು ಯಾರೋ ಶತ್ರುವಿಗೆ ಸ್ನೇಹಿತನ ಮುಖ ಅಂಟಿಸಿದ್ದಾರೆ ಎಂದು ನಂಬಿದ. ಎಚ್ಚರವಾದ ಮೇಲೆ ಸಾನ್ಸನ್ ತನ್ನ ಕಲ್ಪನೆಯ ಪ್ರಿಯತಮೆಗಿಂತ ಡಲ್ಸಿನಿಯಾಳೇ ಮೇಲು ಎಂದು ಬಾಯಿಬಿಟ್ಟು ಒಪ್ಪಬೇಕಾಯಿತು. ವಿಶ್ವವಿದ್ಯಾಲಯದಲ್ಲಿ ಓದಿದವನು, ಊರಿನ ಹುಚ್ಚನ ಕಾಲಡಿಯಲ್ಲಿ, ಇಲ್ಲದ ಹೆಂಗಸಿನ ಸೌಂದರ್ಯಕ್ಕೆ ಸಾಕ್ಷಿ ಹೇಳುವುದು. ಮರ್ಯಾದೆ ಹೋಗಲಿಕ್ಕೆ ಇದಕ್ಕಿಂತ ಹೆಚ್ಚು ಎಂತ ಬೇಕು?

ನಾನು ನಿಮ್ಮೆಲ್ಲರ ಗಮನ ಬೇಡುವುದು ಇದರ ನಂತರದ ಒಂದು ಸಣ್ಣ ಅಧ್ಯಾಯಕ್ಕೆ. ಎರಡನೆಯ ಭಾಗದ ಹದಿನೈದನೆಯದು. ಬರೇ ಒಂದೆರಡು ಪುಟ, ಓದುವವರು ಹಾರಿಸಿಬಿಡುತ್ತಾರೆ. ನನ್ನ ಅಧ್ಯಾಪಕ ಮಿತ್ರರೂ ಹಾರಿಸಿದ್ದಾರೆ ಎಂದು ನನ್ನ ಗುಮಾನಿ. ಬಿದ್ದು ಎದ್ದು ಹೋಗುವ ದಾರಿಯಲ್ಲಿ ಟೋಮೆ ಸೆಸಿಯಲ್ ಒಂದು ಪ್ರಶ್ನೆ ಕೇಳುತ್ತಾನೆ. ಡಾನ್ ಕ್ವಿಕ್ಸಾಟ್ ಹುಚ್ಚ, ನಾವು ಬುದ್ಧಿವಂತರು. ಅವನು ನಗುತ್ತಾ ಸುಖವಾಗಿ ಹೋದ, ನೀವು ಜಜ್ಜಿಸಿಕೊಂಡು ಅಳುತ್ತಾ ಇದ್ದೀರಿ. ತಡೆಯಲಾರದೆ ಹುಚ್ಚನಾದವನೋ, ತಾನೇ ಬೇಕೆಂದು ಹುಚ್ಚನಾದವನೋ, ಯಾರ ಹುಚ್ಚು ಹೆಚ್ಚು? ಇದು ಅವನ ಮಾತಿನ ತಾತ್ಪರ್ಯ. ಅಕ್ಷರ ಕಲಿತವನಿಗಿಂತ ಮೂಗು ಅಂಟಿಸಿಕೊಂಡವನೇ ವಾಸಿ ಅನ್ನಿಸುತ್ತದೆ. ಅವನು ಸಾಕಪ್ಪಾ ಸಾಕು ಎಂದು ಮನೆಗೆ ಹೋದ.

ಸಾನ್ಸನ್ ಹೋಗಲಿಲ್ಲ. ಹೋಗಲಾರೆ ಎಂದ. ಕಾರಣವನ್ನೂ ತಾನೇ ಹೇಳಿದ. ಇನ್ನು ಮುಂದೆ ತಾನು ಅವನನ್ನು ಹುಡುಕಿಕೊಂಡು ಹೋಗುವುದು ಅವನಿಗೆ ಬುದ್ಧಿ ಬರಲಿ ಎಂಬ ಆಸೆಯಿಂದಲ್ಲ, ಸೇಡು ತೀರಿಸುವ ಆಸೆಯಿಂದ. ಪಕ್ಕೆಲುಬಿನ ನೋವು ಅದಕ್ಕಿಂತ ಧರ್ಮದ ಯೋಚನೆ ಮಾಡಲು ಬಿಡುತ್ತಿಲ್ಲ, ಎಂಬ ಅರ್ಥದ ಮಾತು. ಹೀಗೆ ಮಾತಾಡುತ್ತಾ ಒಂದು ಊರು ಸೇರಿ, ಅಲ್ಲಿ ಎಲುಬು ಕೂರಿಸುವ ವೈದ್ಯನ ಕೈಯಲ್ಲಿ ಔಷಧ ಮಾಡಿಸಿಕೊಂಡ.

ತಾಳಮದ್ದಳೆಯಲ್ಲಿ ನಾವು ಒಂದು ಪಾತ್ರವನ್ನು ಹಿಡಿದು ವಾದಿಸುವಾಗ ಯಾವುದನ್ನು ಸಾಕ್ಷಿ ಮಾಡುತ್ತೇವೆ? ಅದೇ ಪಾತ್ರ ಹಿಂದೆ ಆಡಿದ ಮಾತನ್ನು. ನೀನೇ ಹೇಳಿದ್ದೆಯಲ್ಲ ಎಂದರೆ ಎದುರು ಅರ್ಥಧಾರಿಗೆ ಉತ್ತರವಿಲ್ಲ. ಇಲ್ಲಿಯೂ ಹಾಗೆಯೇ. ಸಾನ್ಸನ್ ಸೇಡಿಗೆ ಹೊರಟ ಎಂಬುದು ನನ್ನ ಊಹೆಯಲ್ಲ. ಅವನ ಬಾಯಿಯ ಮಾತು. ಅದು ಗ್ರಂಥದಲ್ಲಿರುವಾಗ ಅವನನ್ನು ಪುಣ್ಯಾತ್ಮ ಎಂದು ಹೇಗೆ ಒಪ್ಪುವುದು?

ಮುಂದೆ ಅವನು ಏನು ಮಾಡಿದ ನೋಡಿ. ಸುಮಾರು ಮೂರು ತಿಂಗಳು ಬಿಟ್ಟು, ಈ ಸಲ ಒಳ್ಳೆಯ ಕುದುರೆ ಹತ್ತಿ, ಗುರಾಣಿಯಲ್ಲಿ ಚಂದ್ರನ ಚಿತ್ರ ಬರೆಸಿ, ‘ಬಿಳಿ ಚಂದ್ರನ ವೀರ’ನಾಗಿ ಬಾರ್ಸಿಲೋನಾದ ಕಡಲ ಕರೆಗೆ ಬಂದ. ಅದೇ ಪಂಥ. ಈಗ ಎರಡು ವರ್ಷದ ಬದಲು ಒಂದು ವರ್ಷ. ಕುದುರೆಯ ವೇಗಕ್ಕೆ ಡಾನ್ ಕ್ವಿಕ್ಸಾಟನೂ ರೋಸಿನಾಂಟೆಯೂ ಒಟ್ಟಿಗೆ ಉರುಳಿದರು. ಬಿದ್ದವನ ಮುಖದ ಮೇಲೆ ಭರ್ಜಿ ಇಟ್ಟು, ಸೋಲು ಒಪ್ಪು ಎಂದ. ಮುದುಕ, ಗೋರಿಯೊಳಗಿಂದ ಬಂದಂಥ ಸ್ವರದಲ್ಲಿ, ಡಲ್ಸಿನಿಯಾಳೇ ಲೋಕಸುಂದರಿ, ನನ್ನ ಬಲಹೀನತೆಯಿಂದ ಆ ಸತ್ಯಕ್ಕೆ ಕುಂದು ಬರಬಾರದು, ಭರ್ಜಿ ಒತ್ತು, ಜೀವ ತೆಗೆ ಎಂದ. ಮೊದಲ ಕಾಳಗದಲ್ಲಿ ಸೋತ ಸಾನ್ಸನ್ ಏನು ಬೇಕಾದರೂ ಒಪ್ಪಿದ್ದ. ಸೋತ ಡಾನ್ ಕ್ವಿಕ್ಸಾಟ್ ಒಂದು ಸುಳ್ಳನ್ನೂ ಒಪ್ಪಲಿಲ್ಲ. ಇಬ್ಬರ ಸೋಲನ್ನು ಅಕ್ಕಪಕ್ಕ ಇಟ್ಟು ನೋಡಿದರೆ ದೊಡ್ಡವ ಯಾರೆಂದು ಗೊತ್ತಾಗುತ್ತದೆ.

ಬಿಳಿ ಚಂದ್ರನ ವೀರ ಯಾರೆಂದು ತಿಳಿಯಲು ಆಂಟೋನಿಯೊ ಮೊರೇನೊ ಎಂಬ ಬಾರ್ಸಿಲೋನಾದ ದೊಡ್ಡ ಮನುಷ್ಯ ಅವನ ಹಿಂದೆಯೇ ಛತ್ರಕ್ಕೆ ಹೋದ. ಸಾನ್ಸನ್ ಅಲ್ಲಿ ಎಲ್ಲ ಕಥೆ ಹೇಳಿದ. ಅವನ ಸ್ಥಿತಿ ನೋಡಿ ನಮಗೆಲ್ಲ ಕನಿಕರ, ಅವನು ಗುಣವಾಗಲಿ ಎಂದೇ ಇದೆಲ್ಲ ಎಂದ. ಮೊದಲೊಮ್ಮೆ ಸೋತೆ, ನಾಚಿಕೆಯಾಯಿತು, ಮೈ ನುಜ್ಜುಗುಜ್ಜಾಯಿತು, ಆದರೂ ಮತ್ತೆ ಹುಡುಕಿ ಗೆಲ್ಲುವ ಆಸೆ ಬಿಡಲಿಲ್ಲ ಎಂದೂ ಹೇಳಿದ. ಸೇಡು ಎಂಬ ಶಬ್ದ ಮಾತ್ರ ಎಲ್ಲಿಯೂ ಇಲ್ಲ! ದಾರಿಯಲ್ಲಿ ಟೋಮೆಯ ಹತ್ತಿರ ಹೇಳಿದ ಸತ್ಯವನ್ನು ಪೇಟೆಯ ದೊಡ್ಡ ಮನುಷ್ಯರ ಮುಂದೆ ನುಂಗಿದ. ಹಗೆ ಗೆದ್ದ ಮೇಲೆ ಮತ್ತೆ ಉಪಕಾರದ ವೇಷ ಹಾಕಿ ನಿಲ್ಲುತ್ತದೆ. ನನ್ನ ಮಿತ್ರರು ನಂಬಿದ್ದು ಈ ಎರಡನೆಯ ಹೇಳಿಕೆಯನ್ನು.

ಇನ್ನು ಎದುರು ವಾದಕ್ಕೆ ಬರುತ್ತೇನೆ. ಚರ್ಚೆಯ ದಿನ ಬಸ್ಸಿಗೆ ಓಡುವಾಗ ಒಬ್ಬರು ನನ್ನ ಹತ್ತಿರ ಹೇಳಿದರು: “ಅಲ್ಲ ಮಾರಾಯ್ರೆ, ಮನಸ್ಸಿನಲ್ಲಿ ಎಂತ ಇದ್ದರೇನು? ಕೆಲಸ ಆಯ್ತಲ್ಲ? ಅವನು ಮನೆಗೆ ಬಂದ, ಬುದ್ಧಿ ಬಂತು, ಕಥೆ ಪುಸ್ತಕ ಬೇಡ ಎಂದು ತಾನೇ ಹೇಳಿ ಸತ್ತ. ಮದ್ದು ಕೊಟ್ಟವನಿಗೆ ಸಿಟ್ಟಿದ್ದರೂ ಮದ್ದು ಮದ್ದೇ.” ಇದು ಗಟ್ಟಿ ವಾದ. ಕಡಲ ಕರೆಯಲ್ಲಿ ಸಾನ್ಸನ್ ಬೇಕೆಂದೇ ಭರ್ಜಿಯನ್ನು ಮೇಲೆತ್ತಿ ಹಿಡಿದು, ಚುಚ್ಚದೆ, ಕುದುರೆಯ ಬಲದಿಂದಲೇ ಕೆಡವಿದ. ಡಲ್ಸಿನಿಯಾಳ ವಿಷಯದಲ್ಲಿಯೂ ಕಡೆಗೆ ಒತ್ತಾಯ ಬಿಟ್ಟ. ಅದನ್ನೂ ನಾನು ಒಪ್ಪುತ್ತೇನೆ. ಅವನು ಕೊಲೆಗಾರನಲ್ಲ.

ಆದರೆ ಕೆಲಸ ಆಯಿತೇ? ಪುಸ್ತಕ ತೆರೆದು ನೋಡಿ. ಸೋತು ಮನೆಗೆ ಮರಳುವ ದಾರಿಯಲ್ಲಿ ಡಾನ್ ಕ್ವಿಕ್ಸಾಟನಿಗೆ ಬುದ್ಧಿ ಬರಲಿಲ್ಲ. ಒಂದು ವರ್ಷ ವೀರನಾಗುವಂತಿಲ್ಲ, ಹಾಗಾದರೆ ಕಾವ್ಯಗಳಲ್ಲಿ ಬರುವ ಕುರುಬರ ಹಾಗೆ ಕುರಿ ಮೇಯಿಸಿಕೊಂಡು ಹಾಡು ಕಟ್ಟುವ ಎಂದು ಹೊಸ ಹುಚ್ಚು ಹಿಡಿಸಿಕೊಂಡ. ಬುದ್ಧಿ ಬಂದದ್ದು ಬಹಳ ಮತ್ತೆ, ಜ್ವರ ಬಂದು ಆರು ದಿನ ಮಲಗಿ, ಒಂದು ದೀರ್ಘ ನಿದ್ದೆಯ ನಂತರ. ಆಗ ವೈದ್ಯ ಆಗಲೇ ಹೇಳಿಯಾಗಿತ್ತು, ಮನಸ್ಸಿನ ಕೊರಗು ಇವರನ್ನು ಮುಗಿಸುತ್ತಿದೆ ಎಂದು. ಸಾನ್ಸನನ ಭರ್ಜಿಯಿಂದ ಹುಚ್ಚು ಇಳಿಯಲಿಲ್ಲ, ಮನುಷ್ಯ ಇಳಿದ. ಮದ್ದು ಎನ್ನುವುದಾದರೆ ರೋಗ ಉಳಿಸಿ ರೋಗಿಯನ್ನು ತೆಗೆದ ಮದ್ದು.

ಅದಕ್ಕಿಂತಲೂ ದೊಡ್ಡ ಸಾಕ್ಷಿ ಅವನ ಸಾವಿನ ಮಂಚದ ಬದಿಯಲ್ಲಿ ಉಂಟು. ಡಾನ್ ಕ್ವಿಕ್ಸಾಟ್ ಎಚ್ಚತ್ತು, ನಾನು ವೀರನಲ್ಲ, ನಿಮ್ಮ ಊರಿನ ಅಲೊನ್ಸೊ ಕಿಹಾನೊ, ಆ ಪುಸ್ತಕಗಳೆಲ್ಲ ಸುಳ್ಳು ಎನ್ನುತ್ತಾನೆ. ಇದೇ ತಾನೇ ಎಲ್ಲರಿಗೂ ಬೇಕಾಗಿದ್ದದ್ದು? ಆಗ ಎದ್ದು ಬೇಡ ಎನ್ನುವವನು ಯಾರು? ಸಾನ್ಸನ್! ಈಗ ಎಂಥ ಮಾತು, ನಾವೆಲ್ಲ ಕುರುಬರಾಗಿ ಹೊರಡಲಿಕ್ಕೆ ತಯಾರಾದಾಗ ಸನ್ಯಾಸಿಯ ಹಾಗೆ ಮಾತಾಡುತ್ತೀರಲ್ಲ, ಸುಮ್ಮನಿರಿ, ನಿಮ್ಮ ಬುದ್ಧಿಗೆ ಬನ್ನಿ ಎನ್ನುತ್ತಾನೆ. ನಿಜವಾಗಿ ಬುದ್ಧಿ ಬಂದವನಿಗೆ ಬುದ್ಧಿಗೆ ಬನ್ನಿ ಎನ್ನುವುದು! ಅದಕ್ಕೆ ಮೊದಲೇ ಕುರಿ ಕಾಯಲು ಎರಡು ನಾಯಿ ಕೊಂಡಿದ್ದೇನೆ ಎಂದೂ ಆಸೆ ತೋರಿಸಿದ್ದ. ತಾನು ಗೆದ್ದದ್ದು ಎಂಥದನ್ನು ಎಂದು ಆ ಹೊತ್ತಿಗೆ ಅವನಿಗೆ ಗೊತ್ತಾಗಿರಬೇಕು. ಸೇಡು ತೀರಿತ್ತು, ಪಕ್ಕೆಲುಬಿನ ನೋವು ಹೋಗಿತ್ತು, ಮೊದಲಿನ ಕನಿಕರ ಮರಳಿ ಬಂದಿತ್ತು. ಆದರೆ ಬಹಳ ತಡವಾಗಿತ್ತು. ನಾನು ಆ ಪುಟ ಓದಿ ನಗಲೂ ಆಗದೆ ಅಳಲೂ ಆಗದೆ ಕೂತದ್ದುಂಟು.

ಅದೇ ಮಂಚದ ಬದಿಯಲ್ಲಿ ಸಾಂಚೊ ಕೂಡ ಇದ್ದಾನೆ. ಡಾನ್ ಕ್ವಿಕ್ಸಾಟನ ದೆಸೆಯಿಂದ ಪೆಟ್ಟು ತಿಂದವನು, ಛತ್ರದ ಅಂಗಳದಲ್ಲಿ ಕಂಬಳಿಯಲ್ಲಿ ಹಾಕಿ ಮೇಲಕ್ಕೆಸೆಯಿಸಿಕೊಂಡು ಊರಿಗೆ ನಗೆಯಾದವನು. ಅವಮಾನದ ಲೆಕ್ಕ ಹಾಕಿದರೆ ಸಾಂಚೊನದ್ದು ಸಾನ್ಸನನದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವನು ಸೇಡು ತೀರಿಸಲಿಲ್ಲ. ಗೊಣಗಿದ, ಸಂಬಳ ಕೇಳಿದ, ಮತ್ತೆ ಕತ್ತೆ ಹತ್ತಿ ಹಿಂದೆ ಹೋದ. ಕೊನೆಗೆ ಅಳುತ್ತಾ, ಸೋಲಿಗೆ ತಪ್ಪು ನನ್ನದು, ಕುದುರೆಯ ಜೀನು ನಾನು ಸರಿಯಾಗಿ ಬಿಗಿಯಲಿಲ್ಲ ಎಂದು ಹೇಳಿ ಎಂದು ಬೇಡಿಕೊಂಡ. ಅವಮಾನವಾದ ಮೇಲೂ ಮನುಷ್ಯ ಹೀಗಿರಬಹುದು ಎಂಬುದಕ್ಕೆ ಅವನೇ ಸಾಕ್ಷಿ.

ಬರೆದ ಸರ್ವಾಂಟಿಸರ ವಿಷಯವನ್ನೂ ಇಲ್ಲಿ ಹೇಳಬೇಕು. ಅವಮಾನ ಎಂದರೆ ಎಂತದೆಂದು ಅವರಿಗೆ ಗೊತ್ತಿತ್ತು. 1571ರ ಲೆಪಾಂಟೊ ಯುದ್ಧದಲ್ಲಿ ಎಡಗೈ ಊನವಾಯಿತು. 1575ರಲ್ಲಿ ಕಡಲುಗಳ್ಳರ ಕೈಗೆ ಸಿಕ್ಕಿ ಅಲ್ಜೀರ್ಸಿನಲ್ಲಿ ಐದು ವರ್ಷ ಸೆರೆಯಲ್ಲಿದ್ದರು. ಮೊದಲ ಭಾಗ ಹೆಸರು ಮಾಡಿದ ಮೇಲೆ, 1614ರಲ್ಲಿ ಯಾರೋ ಒಬ್ಬ ಅವೆಲ್ಯಾನೆಡಾ ಎಂಬ ಸುಳ್ಳು ಹೆಸರು ಇಟ್ಟುಕೊಂಡು ಡಾನ್ ಕ್ವಿಕ್ಸಾಟನ ಎರಡನೆಯ ಭಾಗವನ್ನು ತಾನೇ ಬರೆದು ಅಚ್ಚು ಹಾಕಿಸಿದ. ಸಾಲದೆಂದು ಮುನ್ನುಡಿಯಲ್ಲಿ ಸರ್ವಾಂಟಿಸರನ್ನು ಮುದುಕ, ಕೈ ಊನವಾದವ ಎಂದು ಹೀಗಳೆದ. ಸೇಡಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಸರ್ವಾಂಟಿಸ್ ಏನು ಮಾಡಿದರು? ತಮ್ಮ ಎರಡನೆಯ ಭಾಗದ ಮುನ್ನುಡಿಯಲ್ಲಿ, ನಾನು ಅವನನ್ನು ಬೈಯುತ್ತೇನೆ ಎಂದು ಓದುಗರು ಕಾಯುತ್ತಿರಬಹುದು, ಬೈಯುವುದಿಲ್ಲ ಎಂದರು. ಆದರೆ ನೋವನ್ನು ಮುಚ್ಚಿಡಲಿಲ್ಲ. ವಯಸ್ಸಾದದ್ದಕ್ಕೂ ಕೈ ಹೋದದ್ದಕ್ಕೂ ಹೀಗಳೆದದ್ದು ಮನಸ್ಸಿಗೆ ತಾಗಿತು, ಕೈ ಹೋದದ್ದು ಹೆಂಡದಂಗಡಿಯಲ್ಲಿ ಅಲ್ಲ ಎಂದು ನೇರ ಬರೆದರು. ಮತ್ತೆ ತಮ್ಮ ಕಥೆಯೊಳಗೆ ತಮಾಷೆಯಿಂದ ಲೆಕ್ಕ ಚುಕ್ತಾ ಮಾಡಿದರು. ಕಳ್ಳ ಪುಸ್ತಕದ ಡಾನ್ ಕ್ವಿಕ್ಸಾಟ್ ಸಾರಗೋಸಾ ಪಟ್ಟಣಕ್ಕೆ ಹೋಗಿದ್ದಾನೆ ಎಂದು ಕೇಳಿ ಇವರ ಡಾನ್ ಕ್ವಿಕ್ಸಾಟ್, ಹಾಗಾದರೆ ನಾನು ಅಲ್ಲಿಗೆ ಕಾಲಿಡುವುದಿಲ್ಲ ಎಂದು ಬಾರ್ಸಿಲೋನಾದ ದಾರಿ ಹಿಡಿಯುತ್ತಾನೆ. ಕಳ್ಳ ಪುಸ್ತಕದ ಒಂದು ಪಾತ್ರವನ್ನೇ ಕರೆತಂದು, ನಾನು ಮೊದಲು ಕಂಡವನು ಇವನಲ್ಲ ಎಂದು ಊರ ಅಧಿಕಾರಿಯ ಮುಂದೆ ಸಹಿ ಹಾಕಿಸುತ್ತಾರೆ. ನೋವಾಯಿತು ಎಂದು ಹೇಳಿದರು. ನಿಮ್ಮ ಒಳ್ಳೆಯದಕ್ಕೆ ಎಂದು ನಟಿಸಲಿಲ್ಲ. ಸಾನ್ಸನನಿಗೂ ಅವನನ್ನು ಸೃಷ್ಟಿಸಿದವರಿಗೂ ಇರುವ ವ್ಯತ್ಯಾಸ ಅದು. 1616ರಲ್ಲಿ, ಆ ಪುಸ್ತಕ ಬಂದ ಕೆಲವೇ ತಿಂಗಳಲ್ಲಿ, ಅವರು ತೀರಿಕೊಂಡರು.

ಈಗ ಅಧ್ಯಾಪಕರಿಗೆ ಅಪಾಯ ಉಂಟು ಎಂದೆನಲ್ಲ, ಆ ಮಾತು. ಬೇರೆಯವರನ್ನು ಬೆರಳು ಮಾಡಿ ತೋರಿಸುವುದಿಲ್ಲ. ನನ್ನದೇ ಹೇಳುತ್ತೇನೆ.

ಮೂವತ್ತು ವರ್ಷಕ್ಕೂ ಹಿಂದಿನ ಸಂಗತಿ. ಏಳನೇ ಕ್ಲಾಸಿಗೆ ಲೆಕ್ಕ ಮಾಡುತ್ತಿದ್ದೆ. ಅಡಿಕೆ ಮಾರಿದವನಿಗೆ ಕೈಗೆ ಎಷ್ಟು ಬಂತು ಎಂಬ ಲೆಕ್ಕ. ಬೋರ್ಡಿನಲ್ಲಿ ಕಳೆಯುವಾಗ ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ ಆಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಾಷ್ಟ್ರೇ, ಹಾಗಾದ್ರೆ ಅಡಿಕೆಯೂ ಕೊಟ್ಟು ದುಡ್ಡೂ ಅವನೇ ಕೊಟ್ಟು ಬರುವುದಾ?” ಎಂದ. ಕ್ಲಾಸಿಡೀ ನಕ್ಕಿತು. ನಾನೂ ನಕ್ಕೆ, ಶಾಭಾಸ್ ಎಂದೆ, ಲೆಕ್ಕ ತಿದ್ದಿದೆ. ಒಳಗೆ ಪಕ್ಕೆಲುಬು ಮುರಿದಿತ್ತು.

ಆ ಹುಡುಗನಿಗೆ ಆಟದ ಹುಚ್ಚು. ಸುತ್ತಮುತ್ತ ಎಲ್ಲಿ ಆಟವಿದ್ದರೂ ಹೋಗಿ ಬೆಳಗಿನ ತನಕ ಕೂತು, ಮರುದಿನ ಕ್ಲಾಸಿನಲ್ಲಿ ತೂಕಡಿಸುತ್ತಿದ್ದ. ಭಾಗವತರ ಪದಗಳನ್ನು ಕೇಳಿ ಕೇಳಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. ಅಷ್ಟು ಸಮಯ ನನಗೆ ಅದು ಕಾಣುತ್ತಿರಲಿಲ್ಲ. ಈಗ ಕಾಣತೊಡಗಿತು. ಒಂದು ದಿನ ಆ ಪುಸ್ತಕ ಕಿತ್ತುಕೊಂಡು ಮೇಜಿನ ಖಾನೆಯಲ್ಲಿ ಹಾಕಿದೆ. ಸಂಜೆ ಅವನ ಮನೆಗೆ ಹೋಗಿ ಅವನ ಅಪ್ಪನ ಹತ್ತಿರ, “ಹುಡುಗ ಜಾಣ, ಆದರೆ ಹೀಗೆ ಆಟ ಆಟ ಎಂದು ಹೋದರೆ ಹಾಳಾಗ್ತಾನೆ, ಈಗಲೇ ನಿಲ್ಲಿಸಿ” ಎಂದೆ. ಆ ಕಾಲದಲ್ಲಿ ಮಾಷ್ಟ್ರು ಮನೆಗೆ ಬಂದು ಹೇಳಿದರೆ ಮುಗಿಯಿತು. ಅವನು ಮತ್ತೆ ಆಟಕ್ಕೆ ಹೋಗಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆ ಮಾರ್ಕು ತೆಗೆದ. ಅವನ ಅಪ್ಪ ಸಿಕ್ಕಿದಲ್ಲೆಲ್ಲ ನನಗೆ ಕೈ ಮುಗಿದರು. ಊರಿನಲ್ಲಿ ನನ್ನ ಹೆಸರು ಬೆಳೆಯಿತು.

ನನಗೆ ಗೊತ್ತಿದ್ದ ಎರಡು ವಿಷಯ ಆ ಅಪ್ಪನಿಗೆ ಗೊತ್ತಿರಲಿಲ್ಲ. ಆಟ ನೋಡಿ ಬಂದು ತೂಕಡಿಸುವ ಮಕ್ಕಳು ಅದೇ ಕ್ಲಾಸಿನಲ್ಲಿ ಇನ್ನೂ ನಾಲ್ಕೈದು ಮಂದಿ ಇದ್ದರು. ಅವರ ಮನೆಗೆ ನಾನು ಹೋಗಲಿಲ್ಲ. ಮತ್ತೊಂದು, ಆ ಹುಡುಗ ಆಮೇಲೆ ನನ್ನ ಕ್ಲಾಸಿನಲ್ಲಿ ಒಂದು ಸಲವೂ ಎದ್ದು ತಪ್ಪು ತೋರಿಸಲಿಲ್ಲ. ಮತ್ತೂ ಒಂದೆರಡು ಸಲ ನಾನು ತಪ್ಪಿದ್ದೇನೆ; ಅವನಿಗೆ ಗೊತ್ತಾಗಿತ್ತು; ಅವನು ಬೋರ್ಡು ನೋಡಿ, ನನ್ನ ಮುಖ ನೋಡಿ, ತಲೆ ತಗ್ಗಿಸಿದ. ನನಗೆ ವರ್ಗವಾಗಿ ಹೊಸ ಶಾಲೆಗೆ ಹೋದಾಗ ಆ ಪುಸ್ತಕ ಖಾನೆಯಲ್ಲೇ ಉಳಿಯಿತು. ನೆನಪಾಗಿ ಹೋಗಿ ನೋಡುವಾಗ ಮೇಜೂ ಇರಲಿಲ್ಲ.

ಸಾನ್ಸನ್ ಕರಾಸ್ಕೊ ಯಾರೆಂದು ನನಗೆ ಅಷ್ಟು ಚೆನ್ನಾಗಿ ಗೊತ್ತಿರುವುದು ಹೀಗೆ. ಅವನ ಹಾಗೆ ಯಾರ ಹತ್ತಿರವೂ ಸತ್ಯ ಹೇಳುವ ಧೈರ್ಯ ಕೂಡ ನನಗೆ ಇರಲಿಲ್ಲ. ಮಗುವಿನ ಒಳ್ಳೆಯದಕ್ಕೆ ಮಾಡಿದೆ ಎಂದು ನಾನೇ ನಂಬಿಕೊಂಡು ಎಷ್ಟೋ ವರ್ಷ ಕಳೆದೆ.

ಆದ್ದರಿಂದ ನನ್ನ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟು. ಮಕ್ಕಳನ್ನು ತಿದ್ದಬೇಡಿ ಎಂದು ನಾನು ಹೇಳುವುದಿಲ್ಲ. ತಿದ್ದುವುದೇ ನಮ್ಮ ಕೆಲಸ, ಅದಕ್ಕೇ ಸಂಬಳ. ಆದರೆ ಒಬ್ಬನನ್ನು ತಿದ್ದಲು ಕೈ ಎತ್ತುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಅವನು ನನ್ನನ್ನು ನೋಡಿ ನಗುವ ಮೊದಲೂ ಈ ತಪ್ಪು ನನಗೆ ಕಂಡಿತ್ತೇ? ಇದೇ ತಪ್ಪು ಮಾಡುವ, ಆದರೆ ನನ್ನನ್ನು ನೋಡಿ ನಗದ ಇನ್ನೊಬ್ಬನನ್ನೂ ನಾನು ಹೀಗೆಯೇ ತಿದ್ದುತ್ತಿದ್ದೇನೆಯೇ? ಎರಡಕ್ಕೂ ಹೌದು ಎಂದಾದರೆ ಧೈರ್ಯವಾಗಿ ಮುಂದುವರಿಯಿರಿ. ಅಲ್ಲವೆಂದಾದರೆ ಆ ಕೆಲಸವನ್ನು ಬೇರೊಬ್ಬ ಮಾಷ್ಟ್ರಿಗೆ ಬಿಟ್ಟುಕೊಡಿ. ಟೋಮೆ ಸೆಸಿಯಲನ ಹಾಗೆ ಮೂಗು ಕಳಚಿಟ್ಟು ಮನೆಗೆ ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇದು ಶಾಲೆಗೆ ಮಾತ್ರ ಹೇಳಿದ್ದಲ್ಲ. ಮನೆಯಲ್ಲಿ ಸೊಸೆಯನ್ನು ತಿದ್ದುವ ಅತ್ತೆಗೂ, ಸಭೆಯಲ್ಲಿ ಎದುರು ಮಾತಾಡಿದ ಹುಡುಗರಿಗೆ ಶಿಸ್ತು ಕಲಿಸಲು ಹೊರಡುವ ನಮ್ಮಂಥ ಹಿರಿಯರಿಗೂ ಸೇರಿದ್ದು. ಚರ್ಚೆಯ ದಿನ ನನ್ನ ಮಾತಿಗೆ ಯಾರೂ ಕೂರಲಿಲ್ಲವೆಂಬ ಸಿಟ್ಟಿನಲ್ಲಿ ಇದನ್ನು ಬರೆದಿದ್ದೇನೆಯೇ ಎಂದು ನನ್ನನ್ನೂ ಕೇಳಿಕೊಂಡೆ. ಸ್ವಲ್ಪ ಅದೂ ಉಂಟು. ಉಂಟು ಎಂದು ಮೊದಲೇ ಹೇಳಿಬಿ‌ಡುವುದು ಒಳ್ಳೆಯದು.

ಪುಸ್ತಕ ವಾಚನಾಲಯದ ಕಪಾಟಿನಲ್ಲಿದೆ. ನಾನು ಹೇಳಿದ ಅಧ್ಯಾಯಕ್ಕೆ ಒಂದು ಕಾಗದದ ಚೂರು ಇಟ್ಟು ಬಂದಿದ್ದೇನೆ. ಓದಿ ನೋಡಿ, ನಾನು ತಪ್ಪಿದ್ದರೆ ಮುಂದಿನ ಚರ್ಚೆಯಲ್ಲಿ ಎದ್ದು ಹೇಳಿ. ನಗುತ್ತಾ ಹೇಳಿದರೂ ಅಡ್ಡಿಯಿಲ್ಲ. ನಾನು ನಿಮ್ಮ ಮನೆಗೆ ಬರುವುದಿಲ್ಲ.